ಜಗಲಿಯ ಎರಡನೆಯ ಕಂಬ ಮತ್ತು ಹೊಸ ಫೋನು

ನಮ್ಮ ಮನೆಯ ಜಗಲಿಯ ಎರಡನೆಯ ಕಂಬಕ್ಕೆ ಅಡಿಕೆ ಹಾಳೆಯ ಒಂದು ಚೀಲವನ್ನು ಮೊಳೆ ಹೊಡೆದು ತೂಗುಹಾಕಿದ್ದೇವೆ. ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಚಿ, ಅಂಚುಗಳಿಗೆ ಬಿದಿರಿನ ಕಡ್ಡಿ ಚುಚ್ಚಿ ನನ್ನ ಅತ್ತೆಯವರು ಮಾಡಿದ ಆ ಚೀಲದಲ್ಲಿ ಒಂದು ಕಾಲಕ್ಕೆ ಕವಳದ ಎಲೆ ಇರುತ್ತಿತ್ತು. ಈಗ ಸುಮಾರು ಹತ್ತು ವರ್ಷಗಳಿಂದ ಅದರಲ್ಲಿರುವುದು ಫೋನು. ಶಿರಸಿ ತಾಲೂಕಿನ ಒಂದು ಕಣಿವೆಯ ತಳದಲ್ಲಿರುವ ನಮ್ಮ ಮನೆಯಲ್ಲಿ ರೇಂಜ್ ನಂಬಿಕೆಗೆ ಅರ್ಹವಾಗಿ ಸಿಗುತ್ತಿದ್ದುದು ಆ ಕಂಬದ ಬಳಿ ಮಾತ್ರ. ಫೋನು ರಿಂಗಾದರೆ ಅಡುಗೆಮನೆಯಲ್ಲಿದ್ದವರು ಕೈ ಒರೆಸಿಕೊಳ್ಳುತ್ತ ಓಡಿಬರಬೇಕು, ಕಂಬಕ್ಕೆ ಹೆಗಲು ತಾಗಿಸಿ ನಿಂತು ಮಾತನಾಡಬೇಕು, ಮಾತಿನ ಭರದಲ್ಲಿ ಒಂದು ಹೆಜ್ಜೆ ಈಚೆ ಇಟ್ಟರೆ ಧಾರವಾಡದಲ್ಲಿ ಓದುತ್ತಿರುವ ಮಗಳು ಆ ಕಡೆಯಿಂದ ಎಚ್ಚರಿಸುತ್ತಾಳೆ: "ಆಯಿ, ನಿನ್ನ ದನಿ ತುಂಡು ತುಂಡಾಗಿ ಬತ್ತಾ ಇದ್ದು. ಕಂಬದ ಹತ್ರ ಹೋಗು."

ಇಂಥ ಮನೆಯಲ್ಲಿ ಕುಳಿತು ಹೊಸ ಫೋನು ಕೊಳ್ಳುವ ಯೋಚನೆ ಮಾಡುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್‌ನದು ಎಂಬುದು ಮೊದಲ ಪ್ರಶ್ನೆಯಾಗಬಾರದು. ಇದು ನನಗೆ ಅರ್ಥವಾದದ್ದು ಎರಡು ಫೋನುಗಳಿಗೆ ದುಡ್ಡು ಮತ್ತು ವಿಶ್ವಾಸ ಎರಡನ್ನೂ ಸುರಿದ ಮೇಲೆ. ಮೂರನೆಯದನ್ನು ಕೊಳ್ಳುವ ಮೊದಲು ನಾನು ಸುಮಾರು ಒಂದು ತಿಂಗಳು ಓದಿದೆ, ಅಳೆದೆ, ಮನೆಯವರೊಂದಿಗೆ ವಾದ ಮಾಡಿದೆ. ಆ ಲೆಕ್ಕಾಚಾರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಫೋನು ಅಮೆರಿಕದಿಂದ ಬಂದದ್ದು. ಮೈದುನ ರಜೆಗೆ ಬರುವಾಗ ಪ್ರೀತಿಯಿಂದ ತಂದುಕೊಟ್ಟ. ಕೈಗೆತ್ತಿಕೊಂಡರೆ ಹಿತವಾಗುವಂಥ, ನಿಜಕ್ಕೂ ಚೆಂದದ ಫೋನು. ಶಿರಸಿ ಪೇಟೆಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಮನೆಗೆ ಇಳಿಯುವ ಕೊನೆಯ ತಿರುವು ದಾಟಿದ ಮೇಲೆ ಮಾತ್ರ ಅದು ಕನ್ನಡಿಯಾಯಿತು: ಮುಖ ನೋಡಿಕೊಳ್ಳಬಹುದು, ಮಾತನಾಡಲಾಗದು. ಅದೇ ಹೊತ್ತಿಗೆ ಅತ್ತೆಯವರ ಒತ್ತುಗುಂಡಿಯ ಹಳೆಯ ಫೋನು ಹಾಳೆಯ ಚೀಲದಲ್ಲಿ ನಿರಾಳವಾಗಿ ರಿಂಗಾಗುತ್ತಿತ್ತು. ಪೇಟೆಯಲ್ಲಿದ್ದಾಗಲೂ ಒಂದು ವಿಚಿತ್ರವಿತ್ತು. ಯಾರದಾದರೂ ಕರೆ ಬಂದ ಕೂಡಲೇ ಇಂಟರ್ನೆಟ್ ನಿಂತುಹೋಗುತ್ತಿತ್ತು, ಕರೆ ಮುಗಿದ ಅರ್ಧ ನಿಮಿಷದ ಮೇಲೆ ಮರಳುತ್ತಿತ್ತು. ಆಗ ನನಗೆ ಕಾರಣ ತಿಳಿದಿರಲಿಲ್ಲ. ಇಷ್ಟು ಬೆಲೆಬಾಳುವ ಫೋನಿನಲ್ಲಿ ದೋಷವಿರಲಾರದು, ಇರುವುದೆಲ್ಲ ನಮ್ಮೂರಿನಲ್ಲೇ ಎಂದುಕೊಂಡೆ.

ದೋಷ ಊರಿನದೂ ಹೌದು, ಆದರೆ ಅದು ಊರಿನ ರಚನೆಯದು. ಮಲೆನಾಡಿನ ಈ ಭಾಗದಲ್ಲಿ ಅಡಿಕೆ ತೋಟವಿರುವುದು ನೀರಿರುವಲ್ಲಿ, ನೀರಿರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ತೋಟದ ತಲೆಯ ಮೇಲೆ ಮನೆ, ಮನೆಯ ಹಿಂದೆ ಕಡಿದಾದ ಮಣ್ಣಿನ ಧರೆ, ಧರೆಯ ಮೇಲೆ ಸೊಪ್ಪಿನ ಬೆಟ್ಟ. ಗಾಳಿ ಮಳೆಗೆ ಮರೆಯಾಗಿ, ಹಳ್ಳಕ್ಕೆ ಹತ್ತಿರವಾಗಿ ಇರಲೆಂದು ಹಿರಿಯರು ಆರಿಸಿದ ಜಾಗವೇ ಇಂದು ರೇಡಿಯೊ ತರಂಗಗಳ ಪಾಲಿಗೆ ನೆರಳಿನ ಜಾಗವಾಗಿದೆ. ಟವರ್ ಇರುವುದು ಎತ್ತರದಲ್ಲಿ, ರಸ್ತೆಯ ಪಕ್ಕದಲ್ಲಿ. ಅದರ ನೇರ ದೃಷ್ಟಿ ನಮ್ಮ ತಲೆಯ ಮೇಲೆ ಹಾದುಹೋಗಿ ಎದುರಿನ ಗುಡ್ಡಕ್ಕೆ ಬಡಿಯುತ್ತದೆ. ನಮ್ಮ ಅಂಗಳಕ್ಕೆ ಬರುವುದು ಗುಡ್ಡದ ನೆತ್ತಿಯಲ್ಲಿ ಬಾಗಿ ಇಳಿದ ತರಂಗ, ಇಲ್ಲವೇ ಎದುರು ಗುಡ್ಡಕ್ಕೆ ತಾಗಿ ಮರಳಿದ ತರಂಗ.

ಬಾಗುವ ಗುಣ ಎಲ್ಲ ತರಂಗಗಳಿಗೂ ಒಂದೇ ಸಮನಾಗಿಲ್ಲ ಎಂಬುದರಲ್ಲೇ ಈ ವ್ಯವಹಾರದ ಮರ್ಮವಿದೆ. 700 ಮೆಗಾಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 70 ಕೋಟಿ ಸಲ ಕಂಪಿಸುವ ತರಂಗದ ಉದ್ದ ಸುಮಾರು 43 ಸೆಂಟಿಮೀಟರ್. 2300ರದು 13 ಸೆಂಟಿಮೀಟರ್. ಪೇಟೆಗಳಲ್ಲಿ 5ಜಿಗಾಗಿ ಬಳಸುವ 3300ರಿಂದ 3600ರ ಪಟ್ಟಿಯದು ಒಂಬತ್ತು ಸೆಂಟಿಮೀಟರಿನ ಆಚೀಚೆ. ತರಂಗ ಉದ್ದವಾದಷ್ಟೂ ಗುಡ್ಡದ ನೆತ್ತಿಯಲ್ಲಿ ಹೆಚ್ಚು ಬಾಗುತ್ತದೆ, ಎಲೆ ಹಂಚು ಗೋಡೆಗಳ ನಡುವೆ ಕಡಿಮೆ ಕಳೆದುಹೋಗುತ್ತದೆ. ಗಿಡ್ಡ ತರಂಗದ ಹಾದಿ ಅಗಲ, ಇಂಟರ್ನೆಟ್ ವೇಗ ಹೆಚ್ಚು. ಆದರೆ ಅದು ಮುಂದೆ ಏನೂ ಅಡ್ಡವಿಲ್ಲದ ಕಡೆ ಮೆರೆಯುವಂಥದ್ದು. ಎರಡನೆಯ ಕಂಬದ ಮಹಿಮೆಯೂ ಇದರಲ್ಲೇ ಅಡಗಿದೆ. ಬೇರೆ ಬೇರೆ ಹಾದಿಯಲ್ಲಿ ಬಂದ ತರಂಗಗಳು ಒಂದು ಕಡೆ ಒಂದಕ್ಕೊಂದು ಕೂಡಿ ಬಲವಾಗುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸುತ್ತವೆ. ಬಲದ ಜಾಗದಿಂದ ಬಲದ ಜಾಗಕ್ಕೆ ಹೆಚ್ಚುಕಡಿಮೆ ಅರ್ಧ ತರಂಗದ ಅಂತರ. 700 ಮೆಗಾಹರ್ಟ್ಸ್‌ಗೆ ಅದು ಒಂದು ಗೇಣು, 2300ಕ್ಕೆ ನಾಲ್ಕು ಬೆರಳಿನಷ್ಟೂ ಅಲ್ಲ. ಫೋನನ್ನು ಒಂದು ಗೇಣು ಆಚೀಚೆ ಮಾಡಿ ನೋಡುವ ನಮ್ಮೂರಿನವರ ಅಭ್ಯಾಸವನ್ನು ಕಂಡು ಪೇಟೆಯ ನೆಂಟರು ನಗುವುದುಂಟು. ಅದು ನಗುವ ವಿಷಯವಲ್ಲ.

ನಮ್ಮ ದೇಶದಲ್ಲಿ 4ಜಿ ಮತ್ತು 5ಜಿ ಸೇವೆಗಳು ಇಂಥ ಹಲವು ಪಟ್ಟಿಗಳಲ್ಲಿ ಹರಡಿಕೊಂಡಿವೆ. ಪ್ರತಿ ಪಟ್ಟಿಗೂ ಒಂದು ಸಂಖ್ಯೆಯಿದೆ, ಅದನ್ನು ಬ್ಯಾಂಡ್ ಎನ್ನುತ್ತಾರೆ. 850 ಮೆಗಾಹರ್ಟ್ಸ್‌ನದು 5ನೆಯ ಬ್ಯಾಂಡ್, 900ರದು 8, 1800ರದು 3, 2100ರದು 1, 2300ರದು 40, 700ರದು 28. ಜಿಯೊ 4ಜಿಗೆ 3, 5 ಮತ್ತು 40ನ್ನು ಬಳಸುತ್ತದೆ. ಬಿಎಸ್‌ಎನ್‌ಎಲ್‌ನ 4ಜಿ ಮುಖ್ಯವಾಗಿ 28 ಮತ್ತು 1ರಲ್ಲಿದೆ. ಮೈದುನ ತಂದ ಫೋನಿನ ಬ್ಯಾಂಡ್‌ಗಳ ವಿವರವನ್ನು ತಡವಾಗಿ ತೆಗೆದು ನೋಡಿದಾಗ ಅದರಲ್ಲಿ 12, 13, 71 ಎಂಬ ಸಂಖ್ಯೆಗಳು ಎದ್ದು ಕಂಡವು. ಅವು ಅಮೆರಿಕದ ಹಳ್ಳಿಗಳಿಗೆ ತಲುಪುವ ಕೆಳಗಿನ ಬ್ಯಾಂಡ್‌ಗಳು. ಅಲ್ಲಿಯ ಕಣಿವೆಯಲ್ಲಿ ಆ ಫೋನು ಚೆನ್ನಾಗಿ ಮಾತನಾಡಿಸುತ್ತಿತ್ತೇನೋ. ನಮ್ಮ ಕಣಿವೆಯ ಭಾಷೆ ಅದಕ್ಕೆ ಬರುತ್ತಿರಲಿಲ್ಲ.

ಕರೆ ಬಂದಾಗ ಇಂಟರ್ನೆಟ್ ನಿಲ್ಲುತ್ತಿದ್ದುದಕ್ಕೂ ಆಮೇಲೆ ಕಾರಣ ಸಿಕ್ಕಿತು. 4ಜಿ ಮೂಲತಃ ಮಾಹಿತಿಗಾಗಿ ಹುಟ್ಟಿದ ಜಾಲ. ಅದರ ಮೇಲೆ ಮಾತು ಸಾಗಬೇಕಾದರೆ ವಿಒಎಲ್‌ಟಿಇ ಎಂಬ ಸೌಲಭ್ಯ ಬೇಕು. ಅದು ಫೋನಿನಲ್ಲಿ ಇದ್ದರೆ ಸಾಲದು, ನಮ್ಮ ಸಿಮ್ ಕಂಪನಿಯ ಜಾಲಕ್ಕೆ ಹೊಂದುವಂತೆ ಫೋನಿನ ತಯಾರಕರು ಅದನ್ನು ತಂತ್ರಾಂಶದಲ್ಲಿ ತೆರೆದಿರಬೇಕು. ಬೇರೆ ದೇಶಕ್ಕೆಂದು ಮಾಡಿದ ಫೋನಿನಲ್ಲಿ ಹಲವು ಬಾರಿ ಆ ಬಾಗಿಲು ಮುಚ್ಚಿಯೇ ಇರುತ್ತದೆ. ಆಗ ಕರೆಗಾಗಿ ಫೋನು 2ಜಿಗೆ ಇಳಿಯುತ್ತದೆ, ಇಳಿದಾಗ ಇಂಟರ್ನೆಟ್ ಹೋಗುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಸೇವೆ ಆರಂಭಿಸಿದ ಜಿಯೊಗೆ 2ಜಿ, 3ಜಿ ಎರಡೂ ಇಲ್ಲ. ಹಾಗಾಗಿ ಅಲ್ಲಿ ಈ ಸೌಲಭ್ಯವಿಲ್ಲದ ಫೋನಿನಲ್ಲಿ ಮಾಮೂಲಿ ಕರೆಯೇ ಆಗುವುದಿಲ್ಲ. ಕೊಳ್ಳುವಾಗ ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ದಿನಾ ಕಾಡುವ ವಿಷಯ ಇದು.

ಎರಡನೆಯ ಫೋನನ್ನು ನಾನೇ ಆನ್‌ಲೈನ್‌ನಲ್ಲಿ, ದೀಪಾವಳಿಯ ರಿಯಾಯಿತಿಯಲ್ಲಿ ಕೊಂಡೆ. ಅದು ಭಾರತಕ್ಕೆಂದೇ ಮಾಡಿದ್ದು. ವಿಒಎಲ್‌ಟಿಇ ಇತ್ತು, 1, 3, 5, 8, 40 ಎಲ್ಲ ಇದ್ದವು. ನಾಲ್ಕು ವರ್ಷ ಅದು ಕಂಬದ ಬಳಿ ನಿಯತ್ತಿನಿಂದ ದುಡಿಯಿತು. ಕಂಬದಾಚೆ ಕೆಲಸ ಮಾಡಲಿಲ್ಲ ಎಂಬುದನ್ನು ನಾವು ಹಣೆಬರಹವೆಂದು ಒಪ್ಪಿಕೊಂಡಿದ್ದೆವು. ಅದರ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಾಗ ಹೊಸದರ ಮಾತು ಬಂತು.

ಈ ನಡುವೆ ಹಳ್ಳದ ಆಚೆಯ ಗುಡ್ಡದ ಮೇಲೆ ಒಂದು ಹೊಸ ಟವರ್ ಎದ್ದಿತ್ತು. ಅದರಿಂದ ನಮಗೇನೂ ಉಪಯೋಗವಾಗಲಿಲ್ಲ ಎಂದು ನಾನು ನೆರೆಮನೆಯವರೊಂದಿಗೆ ಒಂದು ಸಂಜೆ ಗೊಣಗುತ್ತಿದ್ದಾಗ, ಅವರ ಮಗ ನಮ್ಮ ಅಂಗಳದಲ್ಲಿ ಕುಳಿತೇ ಕ್ರಿಕೆಟ್ ನೋಡುತ್ತಿದ್ದ. ಅವನದು ನನ್ನ ಫೋನಿಗಿಂತ ಅಗ್ಗದ ಫೋನು, ಸಿಮ್ ನನ್ನದೇ ಕಂಪನಿಯದು. ನನ್ನ ಸಿಮ್ ತೆಗೆದು ಅವನ ಫೋನಿಗೆ ಹಾಕಿದೆವು; ರೇಂಜ್ ಬಂತು. ಅವನ ಸಿಮ್ ನನ್ನ ಫೋನಿಗೆ ಹಾಕಿದೆವು. "ತುರ್ತು ಕರೆ ಮಾತ್ರ" ಎಂದಿತು. ದೋಷ ಸಿಮ್‌ನದೂ ಅಲ್ಲ, ಟವರ್‌ನದೂ ಅಲ್ಲ, ಅಂಗಳದ್ದೂ ಅಲ್ಲ. ಹೊಸ ಟವರ್‌ನಿಂದ ನಮ್ಮ ತಗ್ಗಿಗೆ ಇಳಿಯುತ್ತಿದ್ದುದು 28ನೆಯ ಬ್ಯಾಂಡ್. ನನ್ನ ಫೋನಿನಲ್ಲಿ ಇಲ್ಲದ್ದು ಅದೊಂದೇ.

"ತುರ್ತು ಕರೆ ಮಾತ್ರ" ಎಂಬ ಆ ಸಾಲಿನ ಬಗ್ಗೆ ಒಂದು ಮಾತು. ಅದನ್ನು ಕಂಡರೆ ನಾವು ರೇಂಜ್ ಇಲ್ಲ ಎಂದು ಓದಿಕೊಳ್ಳುತ್ತೇವೆ. ಆದರೆ ಫೋನು ಆಗ ಹೇಳುತ್ತಿರುವುದು ಬೇರೆ: ತನಗೆ ಯಾವುದೋ ಒಂದು ಜಾಲ ಕೇಳಿಸುತ್ತಿದೆ, ಅದು ನಿಮ್ಮ ಸಿಮ್‌ನದಲ್ಲ, 112ಕ್ಕೆ ಕರೆ ಮಾಡಬಹುದು ಎಂದು. ಅಂದರೆ ಆ ಜಾಗದಲ್ಲಿ ಬೇರೆ ಕಂಪನಿಯ ಸಿಮ್ ಬದುಕಬಹುದು ಎಂಬ ಸುಳಿವು ಅದರಲ್ಲಿದೆ. ಇಪ್ಪತ್ತು ಸಾವಿರದ ಫೋನು ಕೊಳ್ಳುವ ಮೊದಲು ನೆಂಟರ ಸಿಮ್ ಒಂದನ್ನು ಹಾಕಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ನಂಬರ್ ಬದಲಿಸದೆ ಕಂಪನಿ ಬದಲಿಸುವ ಅವಕಾಶ 2011ರ ಜನವರಿಯಿಂದ ದೇಶದಾದ್ಯಂತ ಇದ್ದೇ ಇದೆ.

ಇದಾದ ಮೇಲೆ ನಾನು ಅಳತೆಗೆ ಇಳಿದೆ. ಪರದೆಯ ಮೇಲಿನ ಕಡ್ಡಿಗಳನ್ನು ನಂಬುವಂತಿಲ್ಲ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ತೋರಿಸಬೇಕು ಎಂಬುದನ್ನು ಆಯಾ ತಯಾರಕರೇ ನಿರ್ಧರಿಸುತ್ತಾರೆ. ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್‌ನ ಸ್ಥಿತಿ ಎಂಬಲ್ಲಿ ಸಿಗ್ನಲ್‌ನ ಬಲ ಡಿಬಿಎಂ ಎಂಬ ಅಳತೆಯ ಲೆಕ್ಕದಲ್ಲಿ ಸಿಗುತ್ತದೆ. ಅನೇಕ ಫೋನುಗಳಲ್ಲಿ *#*#4636#*#* ಒತ್ತಿದರೂ ಆ ಪುಟ ತೆರೆಯುತ್ತದೆ. ಸಂಖ್ಯೆಯ ಮುಂದೆ ಮೈನಸ್ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಒಳಗಿದ್ದರೆ ಸುಖ, ಮೈನಸ್ 110 ದಾಟಿದರೆ ತಿಣುಕಾಟ, ಮೈನಸ್ 120ರ ಆಚೆ ಮಾತು ಮುಗಿದಂತೆ. ಹತ್ತು ಅಂಕೆ ಕೆಳಗಿಳಿದರೆ ಬಲ ಹತ್ತನೆಯ ಒಂದು ಪಾಲಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ನೆರೆಮನೆಯ ಹುಡುಗನ ಫೋನನ್ನು ಒಂದು ಭಾನುವಾರ ಎರವಲು ಪಡೆದು, ಹಳೆಯ ಪಂಚಾಂಗದ ಹಿಂಬದಿಯಲ್ಲಿ ಬರೆದುಕೊಳ್ಳುತ್ತ ಮನೆಯೆಲ್ಲ ತಿರುಗಿದೆ. ಬೆಟ್ಟದ ಮೇಲಿನ ಗೇಟಿನ ಬಳಿ ಮೈನಸ್ 88. ಎರಡನೆಯ ಕಂಬದ ಬಳಿ 103. ಮೆತ್ತಿನ, ಅಂದರೆ ಮಹಡಿಯ ಮೇಲೆ ಕಿಟಕಿಯ ಪಕ್ಕ 101. ಅಡುಗೆಮನೆಯಲ್ಲಿ 116. ತೋಟದ ಸಂಕದ, ಅಂದರೆ ಹಳ್ಳದ ಕಾಲುಸೇತುವೆಯ ಮೇಲೆ 113. ನನಗೆ ಆಶ್ಚರ್ಯವಾದದ್ದು ಅಂಗಳದ ಅಳತೆ. ಅಡಿಕೆ ಒಣಗಿಸಲು, ಮಳೆಗಾಲದಲ್ಲಿ ಓಡಾಡಲು ಅನುಕೂಲವೆಂದು ಮೂರು ವರ್ಷದ ಹಿಂದೆ ಅಂಗಳದ ಅರ್ಧಕ್ಕೆ ತಗಡಿನ ಶೀಟು ಹೊದಿಸಿದ್ದೆವು. ಶೀಟಿನ ಹೊರಗೆ ಮೈನಸ್ 99, ಶೀಟಿನ ಕೆಳಗೆ ನಾಲ್ಕು ಹೆಜ್ಜೆ ಒಳಗೆ ಬಂದರೆ 111. ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬಲವನ್ನು ನಾವೇ ದುಡ್ಡು ಕೊಟ್ಟು ಮುಚ್ಚಿಸಿದ್ದೆವು. ಹಂಚಿನ ಮಾಡು ತರಂಗವನ್ನು ಸ್ವಲ್ಪ ತಿನ್ನುತ್ತದೆ. ತಗಡು ಒಳಗೆ ಬಿಡುವುದೇ ಇಲ್ಲ, ಬರುವುದು ಬದಿಯಿಂದ ಮಾತ್ರ.

ಹೀಗೆ ಅಳೆಯುವಾಗ ಅತ್ತೆಯವರು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ತಮ್ಮ ಫೋನನ್ನು ಯಾರೂ ಅಳೆಯಲಿಲ್ಲವೆಂದು ಅವರಿಗೆ ಬೇಸರ. "ನನ್ನ ಫೋನಿಗೆ ಕಂಬನೂ ಬೇಡ, ಅಳತೆನೂ ಬೇಡ" ಎಂದರು. ಅವರ ಮಾತು ನಿಜ, ಅದಕ್ಕೆ ಕಾರಣವೂ ಇದೆ. ಫೋನು ಟವರ್‌ನ ಮಾತು ಕೇಳಿದರೆ ಸಾಲದು, ಫೋನಿನ ಮಾತು ಟವರ್‌ಗೆ ಕೇಳಿಸಬೇಕು. 900 ಮೆಗಾಹರ್ಟ್ಸ್‌ನ 2ಜಿ ಫೋನು ಗರಿಷ್ಠ 2 ವಾಟ್ ಬಲದಲ್ಲಿ ಕೂಗಬಲ್ಲದು. 4ಜಿ ಫೋನಿನ ಮಾಮೂಲಿ ಮಿತಿ 200 ಮಿಲಿವಾಟ್, ಅಂದರೆ ಹತ್ತರಲ್ಲಿ ಒಂದು. 2ಜಿ ಫೋನು ಬಿಟ್ಟು ಬಿಟ್ಟು ಕೂಗುತ್ತದೆ ಎಂಬುದು ನಿಜವಾದರೂ, ಕೂಗಿದಾಗ ಗಟ್ಟಿಯಾಗಿ ಕೂಗುತ್ತದೆ. ಸ್ಮಾರ್ಟ್‌ಫೋನು ನಮ್ಮ ಅಡುಗೆಮನೆಯಲ್ಲಿ ಬಿಸಿಯಾಗಿ, ಮಧ್ಯಾಹ್ನದ ಹೊತ್ತಿಗೇ ಬ್ಯಾಟರಿ ಖಾಲಿ ಮಾಡಿಕೊಳ್ಳುವುದು ಇದರಿಂದಲೇ. ದಿನವಿಡೀ ತನ್ನ ಮಿತಿಯ ಕೊನೆಯ ತನಕ ಕೂಗುತ್ತಿರುತ್ತದೆ. ನಮ್ಮಂಥವರಿಗೆ ದೊಡ್ಡ ಬ್ಯಾಟರಿ ಎಂಬುದು ಆಟದ ವಿಷಯವಲ್ಲ, ಅದೂ ನೆಟ್‌ವರ್ಕ್‌ನದೇ ಒಂದು ಭಾಗ.

ಇಷ್ಟು ತಿಳಿದುಕೊಂಡು ಶಿರಸಿಯ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಒಳ್ಳೆಯವನು, ಮಾತು ಚುರುಕು. 5ಜಿ ಇದೆ ಅಕ್ಕ, ಇನ್ನು ಐದು ವರ್ಷ ತಲೆಬಿಸಿಯಿಲ್ಲ ಎಂದ. 5ಜಿ ಎಂಬ ಆ ಅಂಟುಚೀಟಿಯನ್ನು ನಾನು ಹೀಗಳೆಯುವುದಿಲ್ಲ, ಆದರೆ ಅದನ್ನು ಬಿಡಿಸಿ ಓದಬೇಕು. ನಮ್ಮಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಅದಕ್ಕೂ ಮೊದಲು ಆಗಸ್ಟ್ 1ಕ್ಕೆ ಮುಗಿದ ಹರಾಜಿನಲ್ಲಿ 700 ಮೆಗಾಹರ್ಟ್ಸ್‌ನ ತರಂಗವನ್ನು ದೇಶದ 22 ವಲಯಗಳಲ್ಲೂ ಕೊಂಡದ್ದು ಜಿಯೊ. ಏರ್‌ಟೆಲ್ ಅದನ್ನು ಕೊಳ್ಳಲಿಲ್ಲ. ಜಿಯೊದ 5ಜಿ ತನ್ನ ಕಾಲ ಮೇಲೆ ತಾನೇ ನಿಂತಿರುವ ಜಾಲ; ಏರ್‌ಟೆಲ್ ತನ್ನ 5ಜಿಯನ್ನು 4ಜಿಯ ಹೆಗಲ ಮೇಲೆ ಕೂರಿಸಿ ಆರಂಭಿಸಿತು. ಹೆಗಲ ಮೇಲೆ ಕುಳಿತ 5ಜಿಗೆ ಕೆಳಗೆ 4ಜಿ ಗಟ್ಟಿಯಾಗಿರಬೇಕು. ಸ್ವತಂತ್ರ 5ಜಿಗೆ ಫೋನಿನಲ್ಲೂ ಆ ಸೌಲಭ್ಯವಿರಬೇಕು.

ಅದಕ್ಕಿಂತ ಮುಖ್ಯವಾದ ಸೂಕ್ಷ್ಮವೊಂದಿದೆ. 4ಜಿಯ 28 ಮತ್ತು 5ಜಿಯ ಎನ್28 ಎರಡೂ ಒಂದೇ 700 ಮೆಗಾಹರ್ಟ್ಸ್‌ನ ಪಟ್ಟಿ. ಆದರೆ ಫೋನಿನಲ್ಲಿ ಒಂದು ಇದ್ದು ಇನ್ನೊಂದು ಇಲ್ಲದಿರಬಹುದು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ನೋಡಬೇಕು. ಅಲ್ಲದೆ ಒಂದೇ ಹೆಸರಿನ ಫೋನು ಒಂದೊಂದು ದೇಶಕ್ಕೆ ಒಂದೊಂದು ಬ್ಯಾಂಡ್ ಪಟ್ಟಿಯೊಂದಿಗೆ ಹೊರಬರುವುದರಿಂದ, ಎಲ್ಲೋ ಓದಿದ ವಿಮರ್ಶೆಯನ್ನು ನಂಬದೆ ತಯಾರಕರ ಭಾರತದ ಪುಟದಲ್ಲಿ, ಮಾದರಿಯ ಸಂಖ್ಯೆ ಹಿಡಿದು ನೋಡಬೇಕು. ಅಂಗಡಿಯ ಹುಡುಗ ಎನ್28ರ ಹೆಸರು ಕೇಳಿರಲಿಲ್ಲ. ಆದರೆ ಬೇಸರಿಸಲಿಲ್ಲ, ನಾಲ್ಕು ಫೋನುಗಳ ಪುಟಗಳನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ನನ್ನೊಂದಿಗೆ ಬೆರಳಿಟ್ಟು ಓದಿದ. ನಾಲ್ಕರಲ್ಲಿ ಎರಡರಲ್ಲಿ ಮಾತ್ರ ಎರಡೂ ಇದ್ದವು.

ಎನ್28 ಇದ್ದರೆ ಪೇಟೆಯ 5ಜಿ ವೇಗ ನಮ್ಮ ಜಗಲಿಗೆ ಬರುತ್ತದೆಯೇ? ಬರುವುದಿಲ್ಲ. 3300ರ ಪಟ್ಟಿಯಲ್ಲಿ ಕಂಪನಿಗಳ ಬಳಿ ನೂರು ಮೆಗಾಹರ್ಟ್ಸ್‌ನಷ್ಟು ಅಗಲದ ಹೆದ್ದಾರಿಯಿದ್ದರೆ, 700ರಲ್ಲಿ ಇರುವುದು ಹತ್ತರ ಓಣಿ. ಆದರೆ ಹೆದ್ದಾರಿ ಘಟ್ಟದ ಮೇಲೇ ನಿಂತರೆ ಓಣಿಯೇ ಮನೆಗೆ ಬರುವ ದಾರಿ. ಕಾರವಾರದಲ್ಲಿರುವ ನನ್ನ ತಂಗಿಗೆ ಈ ಲೆಕ್ಕ ಯಾವುದೂ ಬೇಕಿಲ್ಲ. ಪೇಟೆಯೊಳಗಿನ ಮನೆ, ಹತ್ತಿರದಲ್ಲೇ ಟವರ್, ಮಹಡಿಯಿಂದ ಸಮುದ್ರದ ಕಡೆಗೆ ಏನೂ ಅಡ್ಡವಿಲ್ಲ. ಅವಳು ಕ್ಯಾಮೆರಾ ನೋಡಿ ಫೋನು ಕೊಂಡರೂ ನಷ್ಟವಿಲ್ಲ. ಆದರೆ ಅವಳ ಮನೆಯವರ ಕೆಲಸ ಅಣಶಿ, ಜೋಯಿಡಾದ ಕಡೆಗೆ. ಕಾಡಿನ ಆ ದಾರಿಯಲ್ಲಿ ಮನೆಯ ಲೆಕ್ಕ ನಡೆಯದು. ಮನೆಯಲ್ಲಿ ಯಾವ ಫೋನು ನಡೆಯುತ್ತದೆ ಎಂಬುದರ ಜೊತೆಗೆ ದಾರಿಯಲ್ಲಿ ಎಲ್ಲಿ ಕೈಕೊಟ್ಟರೆ ಕಷ್ಟ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ದಿನ, ಕರಾವಳಿಗೂ ಘಟ್ಟಕ್ಕೂ ನಡುವೆ ಓಡಾಡುವವರಿದ್ದ ಪ್ರತಿ ಮನೆಯಲ್ಲೂ ಫೋನು ಕೈಯಿಂದ ಕೆಳಗಿಳಿಯಲಿಲ್ಲ. ತಂಗಿಯ ಮನೆಯವರ ನಂಬರ್ ಅಂದು ಹನ್ನೊಂದನೆಯ ಸಲಕ್ಕೆ ಸಿಕ್ಕಿತು. ಅವರು ಯಲ್ಲಾಪುರದಲ್ಲಿದ್ದರು.

ಮಳೆಗಾಲದ ಬಗ್ಗೆ ನನ್ನಲ್ಲೂ ಒಂದು ತಪ್ಪು ತಿಳಿವಳಿಕೆಯಿತ್ತು. ಮಳೆ ಸಿಗ್ನಲನ್ನು ತಿನ್ನುತ್ತದೆ ಎಂದುಕೊಂಡಿದ್ದೆ. ನಮ್ಮ ಫೋನುಗಳ ತರಂಗಗಳಿಗೆ ಮಳೆಹನಿ ಲೆಕ್ಕಕ್ಕಿಲ್ಲ. ಒದ್ದೆ ಎಲೆಗಳ ದಟ್ಟಣೆ ಸ್ವಲ್ಪ ತಿನ್ನುತ್ತದೆ. ಜುಲೈನಲ್ಲಿ ಅದೇ ಜಾಗಗಳನ್ನು ಮತ್ತೆ ಅಳೆದಾಗ ಐದಾರು ಅಂಕೆಯ ವ್ಯತ್ಯಾಸ ಬಂತು, ಅಷ್ಟೆ. ನಿಜವಾದ ಶತ್ರು ಕರೆಂಟು. ಮರ ಬಿದ್ದು ತಂತಿ ಹರಿದು ಎರಡು ದಿನ ಕರೆಂಟು ಹೋದರೆ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ, ಆಮೇಲೆ ಯಾವ ಬ್ಯಾಂಡ್ ಇದ್ದರೇನು? ಇದಕ್ಕೆ ಫೋನಿನಲ್ಲಿ ಪರಿಹಾರವಿಲ್ಲ. ಎರಡು ಬೇರೆ ಕಂಪನಿಯ, ಬೇರೆ ಬೇರೆ ದಿಕ್ಕಿನ ಟವರ್ ಹಿಡಿಯುವ ಎರಡು ಸಿಮ್ ಇಟ್ಟುಕೊಂಡರೆ ಒಂದಾದರೂ ಉಳಿಯುವ ಸಾಧ್ಯತೆ ಹೆಚ್ಚು. ಆದ್ದರಿಂದ ಎರಡು ಸಿಮ್‌ನ ಜಾಗ ನನ್ನ ಪಟ್ಟಿಯಲ್ಲಿ ಕಡ್ಡಾಯವಾಯಿತು. ಸರ್ಕಾರದ ನಿಧಿಯಿಂದ ಕಟ್ಟಿದ ಕೆಲವು ಟವರ್‌ಗಳನ್ನು ಬೇರೆ ಬೇರೆ ಕಂಪನಿಯ ಗ್ರಾಹಕರೂ ಬಳಸಬಹುದಾದ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಗಿದೆ. ಅದು ಎಲ್ಲ ಟವರ್‌ಗಳಿಗೂ ಬಂದರೆ ನನ್ನ ಈ ಲೆಕ್ಕದ ಅರ್ಧ ಭಾಗ ಅನಾವಶ್ಯಕವಾಗುತ್ತದೆ. ಅಂಥ ದಿನ ಬಂದರೆ ಸಂತೋಷವೇ.

ನಮ್ಮನೆಯವರ ವಾದ ಬೇರೆಯಿತ್ತು. ಮನೆಗೆ ಫೈಬರ್ ಬಂದಿದೆ, ವೈಫೈ ಇದೆ, ಮನೆಯೊಳಗಿನ ಮಾತಿಗೆ ಟವರ್ ಯಾಕೆ ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ವೈಫೈ ಮೂಲಕ ಮಾಮೂಲಿ ನಂಬರ್‌ಗೇ ಕರೆ ಮಾಡುವ, ಕರೆ ಪಡೆಯುವ ಸೌಲಭ್ಯವನ್ನು ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ತಂದವು. ಇದು ವಾಟ್ಸ್ಆ್ಯಪ್ ಕರೆಯಲ್ಲ. ಆ ಕಡೆಯವರ ಬಳಿ ಸಾದಾ ಫೋನಿದ್ದರೂ ನಡೆಯುತ್ತದೆ. ಆದರೆ ಇದಕ್ಕೂ ನಿಮ್ಮ ಕಂಪನಿ ಮತ್ತು ನಿಮ್ಮ ಫೋನಿನ ಮಾದರಿ ಎರಡೂ ಒಪ್ಪಿರಬೇಕು. ಕಂಪನಿಯ ಪುಟದಲ್ಲಿ ಆ ಮಾದರಿಗಳ ಪಟ್ಟಿಯಿರುತ್ತದೆ, ಅದನ್ನು ನೋಡಿಯೇ ಕೊಳ್ಳಬೇಕು. ಇನ್ನೊಂದು ತೊಡಕು, ಕರೆಂಟು ಹೋದರೆ ರೌಟರ್ ಸಾಯುತ್ತದೆ. ರೌಟರ್‌ಗೆಂದೇ ಸಿಗುವ ಸಣ್ಣ ಬ್ಯಾಟರಿ ಪೆಟ್ಟಿಗೆಯೊಂದನ್ನು ತಂದು ಜೋಡಿಸಿದೆವು. ಮೂರು ಗಂಟೆ ತಡೆಯುತ್ತದೆ. ಮರದಿಂದ ಮರಕ್ಕೆ ಎಳೆದ ಫೈಬರ್ ತಂತಿಯ ಮೇಲೆ ಟೊಂಗೆ ಬಿದ್ದರೆ ಮಾತ್ರ ಪೆಟ್ಟಿಗೆಯೂ ಉಪಯೋಗಕ್ಕೆ ಬಾರದು.

ಕೊನೆಗೆ ನಾನು ಕೊಂಡದ್ದು ಹದಿನಾರು ಸಾವಿರದ ಆಸುಪಾಸಿನ ಒಂದು ಫೋನು. 28 ಮತ್ತು ಎನ್28 ಇವೆ, ನನ್ನ ಎರಡೂ ಸಿಮ್‌ಗಳಿಗೆ ವಿಒಎಲ್‌ಟಿಇ ಇದೆ, ಒಂದಕ್ಕೆ ವೈಫೈ ಕರೆಯಿದೆ, ಬ್ಯಾಟರಿ ದೊಡ್ಡದು. ಕ್ಯಾಮೆರಾ ಸಾಧಾರಣ, ಮಗಳು ಚಿತ್ರ ನೋಡಿ ಮೂಗು ಮುರಿದಳು. ತಂದ ಎರಡನೆಯ ದಿನ ಅದು 4ಜಿ, 5ಜಿಗಳ ನಡುವೆ ಓಲಾಡುತ್ತ ಬ್ಯಾಟರಿ ಕುಡಿಯತೊಡಗಿತು. ಮನೆಯಲ್ಲಿರುವಾಗ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಕಟ್ಟಿಹಾಕಿದೆ, ಪೇಟೆಗೆ ಹೋಗುವಾಗ ಬಿಚ್ಚುತ್ತೇನೆ, ದನ ಕಟ್ಟಿ ಬಿಚ್ಚಿದ ಹಾಗೆ. ಈಗ ಅಡುಗೆಮನೆಯಲ್ಲಿ ಮಾತನಾಡಬಹುದು. ಬ್ಯಾಂಕಿನ ಒಟಿಪಿಗಾಗಿ ಫೋನು ಹಿಡಿದು ಗುಡ್ಡ ಹತ್ತುವುದು ನಿಂತಿದೆ. ಸಂಕದ ಮೇಲೆ ನಿಂತು ಮೇಲಿನ ಮನೆಗೆ ಕರೆ ಮಾಡಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬಂದನೇ ಎಂದು ಕೇಳಬಹುದು, ಮೊದಲಾದರೆ ಕೂಗಬೇಕಿತ್ತು.

ಹಾಳೆಯ ಚೀಲ ಮಾತ್ರ ಕಂಬದಲ್ಲೇ ಇದೆ, ಅದರಲ್ಲಿ ಅತ್ತೆಯವರ ಫೋನಿದೆ. 2ಜಿ ಇನ್ನೆಷ್ಟು ದಿನವೋ. 3ಜಿ ನಮ್ಮ ಕಣ್ಣೆದುರೇ ಒಂದೊಂದಾಗಿ ಆರಿದ್ದನ್ನು ನೋಡಿದ್ದೇವೆ. ಅವರಿಗೆ ಬೇಕಾದದ್ದು ಒತ್ತುಗುಂಡಿಯ 4ಜಿ ಫೋನು: ಗುಂಡಿಯ ಅಕ್ಷರ ದಪ್ಪಗಿರಬೇಕು, ರಿಂಗಾದರೆ ಕೊಟ್ಟಿಗೆಗೆ ಕೇಳಿಸಬೇಕು, ವಿಒಎಲ್‌ಟಿಇ ಇರಬೇಕು, 28 ಇರಬೇಕು. ಮೊದಲ ಮೂರು ಇರುವ ಫೋನುಗಳನ್ನು ಅಂಗಡಿಯ ಹುಡುಗ ಮೇಜಿನ ಮೇಲೆ ಸಾಲಾಗಿ ಇಟ್ಟ. ನಾಲ್ಕನೆಯದರ ವಿಷಯ ಯಾವ ಡಬ್ಬದ ಮೇಲೂ ಬರೆದಿರಲಿಲ್ಲ. ಮಾದರಿಯ ಸಂಖ್ಯೆಗಳನ್ನು ಅದೇ ಪಂಚಾಂಗದ ಹಿಂಬದಿಯಲ್ಲಿ ಬರೆದುಕೊಂಡು ಬಂದಿದ್ದೇನೆ.